ಕಸ್ಟಮ್ ರಾಡ್ ಕಟ್ಟಿಸುವವರೇ, ಫೋಮ್ ಗ್ರಿಪ್‌ನ ಅಡಿಭಾಗ ಮುಟ್ಟಿ ನೋಡಿ

ಗಾಳ ಹಾಕುವ ಎಲ್ಲರೂ ದಯವಿಟ್ಟು ಇದನ್ನು ಓದಿ. ಮುಖ್ಯವಾಗಿ, ಯಾರಿಗೋ ಅಡ್ವಾನ್ಸ್ ಕೊಟ್ಟು ಕಸ್ಟಮ್ ರಾಡ್, ಅಂದರೆ ನಮ್ಮ ಅಳತೆಗೆ ಕಟ್ಟಿಸುವ ಗಾಳದ ಕೋಲು, ಬರಲಿ ಅಂತ ಕಾಯುತ್ತಿರುವವರು ಓದಲೇಬೇಕು. ನನ್ನಿಂದ 14,000 ರೂಪಾಯಿ ತೆಗೆದುಕೊಂಡು, ಹೊಸ ಬ್ಲಾಂಕ್ (ಇನ್ನೂ ಏನೂ ಕಟ್ಟದ ಬರಿ ಕೋಲು) ಅಂತ ನಂಬಿಸಿ, ಯಾವುದೋ ಹಳೇ ಕಂಪನಿ ರಾಡಿಗೆ ಹೊಸ ಹಿಡಿ ತೊಡಿಸಿ ಕಳಿಸಿದ್ದಾನೆ ಒಬ್ಬ. ಅವನ ಬಣ್ಣ ಬಯಲು ಮಾಡಿದ್ದು ಫೋಮ್ ಗ್ರಿಪ್. ಅದರ ಅಡಿಯಲ್ಲಿದ್ದ ಒಂದು ಸೀಳು.

ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಆದರೆ ಏನು ಮಾಡಿದ್ದಾನೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಇಂಥ ಕೆಲಸ ಮಾಡುವವನು ಅವನೊಬ್ಬನೇ ಇರಲಾರ.

ಆರ್ಡರ್ ಕೊಟ್ಟಿದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ, ಬಂಡೆ ಮೇಲೆ ನಿಂತು ಗಾಳ ಹಾಕುವ ನಮ್ಮನ್ನೂ ಕಡಲು ಹತ್ತಿರ ಸೇರಿಸುವುದಿಲ್ಲ. ಆ ಸಮಯದಲ್ಲೇ ಎಲ್ಲರೂ ದಾರ ಸುತ್ತುವ ರೀಲಿಗೆ ಎಣ್ಣೆ ಹಾಕಿಸೋದು, ಹೊಸ ಲೂರ್ (ನಕಲಿ ಮೀನಿನ ಎರೆ) ತರಿಸೋದು, ರಾಡ್ ಕಟ್ಟಿಸೋದು. ನಾನು ಕೇಳಿದ್ದು 9 ಅಡಿಯ ಎರಡು ತುಂಡಿನ ಸ್ಪಿನ್ನಿಂಗ್ ರಾಡ್, ರೀಲ್ ಅಡಿಯಲ್ಲಿ ತೂಗುವಂಥದ್ದು. ಬಂಡೆಯಿಂದ ಮುರು ಮೀನು ಎಳೆಯೋದಕ್ಕೆ. ಮುರು ಮೀನು ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತೆ, ಎಡಗೈಯಲ್ಲಿ ಮುಂದಿನ ಗ್ರಿಪ್ ಬಿಗಿಯಾಗಿ ಹಿಡಿದು ಆ ಕ್ಷಣವೇ ಎತ್ತದಿದ್ದರೆ ದಾರ ಉಜ್ಜಿ ತುಂಡಾಗುತ್ತೆ. ಹಾಗಾಗಿ ಉದ್ದ ಫೋರ್‌ಗ್ರಿಪ್ (ರೀಲಿನ ಮುಂದಿನ ಆ ಹಿಡಿ), ಗಟ್ಟಿ ಇವಿಎ ಫೋಮ್ (ಒಂದು ಬಗೆಯ ಹಿಗ್ಗುವ ಪ್ಲಾಸ್ಟಿಕ್ ಫೋಮ್), ಇದೆರಡು ಮಾತ್ರ ಒತ್ತಿ ಒತ್ತಿ ಹೇಳಿದ್ದೆ.

ಅವನ ಮಾತು ಎಷ್ಟು ಚೆನ್ನಾಗಿತ್ತು ಅಂದರೆ, "ಸರ್, ಬ್ಲಾಂಕ್ ಫ್ರೆಶ್ ಪೀಸ್. ಗ್ರಿಪ್ ನಿಮ್ಮ ಕೈ ಅಳತೆಗೇ ಮಾಡ್ತೀನಿ. ಒಂದು ಬಿಳಿ ಹಾಳೆ ಮೇಲೆ ಅಂಗೈ ಇಟ್ಟು ಸುತ್ತ ಪೆನ್ನಲ್ಲಿ ಗೆರೆ ಎಳೆದು ಫೋಟೋ ಕಳಿಸಿ" ಅಂದ. ಕಳಿಸಿದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸಿದೆ. ಈಗ ಆ ಫೋಟೋ ಫೋನಿನಲ್ಲಿ ಕಂಡರೆ ಮೈಯೆಲ್ಲ ಉರಿಯುತ್ತೆ.

8,000 ಅಡ್ವಾನ್ಸ್, ಉಳಿದದ್ದು ಕಳಿಸುವ ಮೊದಲು. ಬಿಲ್ ಕೇಳಿದೆ. "ಬಿಲ್ ಹಾಕಿದರೆ ಟ್ಯಾಕ್ಸ್ ಜಾಸ್ತಿ ಆಗುತ್ತೆ ಸರ್, ನಿಮಗೇ ಲಾಸು." ಕೆಲಸ ನಡೆಯುತ್ತಿರುವಾಗ ಫೋಟೋ ಕೇಳಿದೆ. "ಅದು ನಮ್ಮ ವರ್ಕ್‌ಶಾಪ್ ಸೀಕ್ರೆಟ್ ಸರ್, ಮುಗಿದ ಮೇಲೆ ಬೇಕಾದಷ್ಟು ಕಳಿಸ್ತೀನಿ." ಮುಗಿದ ಮೇಲೆ ಕಳಿಸಿದ ಫೋಟೋಗಳನ್ನು ಈಗ ಒಂದೊಂದಾಗಿ ತೆಗೆದು ನೋಡಿದ್ದೇನೆ. ಎಲ್ಲವೂ ಮೇಲಿನಿಂದ ತೆಗೆದದ್ದು. ಒಂದರಲ್ಲೂ ಗ್ರಿಪ್‌ನ ಅಡಿಭಾಗ ಇಲ್ಲ. ಒಂದರಲ್ಲೂ!

ರಾಡ್ ಬಂತು. ನೋಡೋಕೆ ಚೆಂದವೇ ಇತ್ತು. ಕಪ್ಪು ಫೋಮ್, ರೀಲ್ ಕೂರಿಸುವ ಸೀಟಿನ ಪಕ್ಕ ನೀಲಿ ದಾರದ ಪಟ್ಟಿ, ಮೇಲೆ ನನ್ನ ಹೆಸರು. ಗೆಳೆಯರಿಗೆಲ್ಲ ತೋರಿಸಿದೆ. ಮಲ್ಪೆಯಲ್ಲಿ ಗಾಳ ಹಾಕುವ ಹುಡುಗರು ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿದರು. ಇಬ್ಬರು ಅವನ ನಂಬರ್ ಕೇಳಿದರು, ಕೊಟ್ಟೆ. ಅವರಲ್ಲಿ ಒಬ್ಬ ಅಡ್ವಾನ್ಸನ್ನೂ ಹಾಕಿದ. ಆ ಹುಡುಗನ ಮುಖ ನೋಡಿ ಮಾತಾಡಲು ಈಗ ನನಗೆ ಆಗುತ್ತಿಲ್ಲ.

ಆಮೇಲೆ ಸುರತ್ಕಲ್ ಲೈಟ್‌ಹೌಸ್ ಕೆಳಗಿನ ಬಂಡೆ. ಸಂಜೆ, ನೀರು ಏರುವ ಹೊತ್ತು. ಮೀನು ಹೊಡೆಯಿತು, ಒಳ್ಳೇ ತೂಕದ್ದೇ. ಎಡಗೈಯಲ್ಲಿ ಮುಂದಿನ ಗ್ರಿಪ್ ಹಿಡಿದು ಎತ್ತಿದೆ. ಗ್ರಿಪ್ ನನ್ನ ಮುಷ್ಟಿಯೊಳಗೇ ತಿರುಗಿತು. ನಾನು ಹಿಡಿದಿದ್ದು ಫೋಮನ್ನು, ಅದರೊಳಗೆ ರಾಡ್ ಬೇರೆಯಾಗಿ ತಿರುಗಿಕೊಂಡಿತು. ರೀಲ್ ಪಕ್ಕಕ್ಕೆ ವಾಲಿತು, ನಾನು ಸರಿಮಾಡಿಕೊಳ್ಳುವಷ್ಟರಲ್ಲಿ ಬ್ರೇಡ್ ದಾರ ಕಲ್ಲಿಗೆ ಉಜ್ಜಿ ಪಟ್ ಅಂತ ಹೋಯಿತು. ಮೀನು ಹೋಯಿತು, ಲೂರ್ ಹೋಯಿತು. ಅದೆಲ್ಲ ಇರಲಿ, ಮೀನು ತಪ್ಪೋದು ಇದ್ದದ್ದೇ.

ಜೊತೆಗಿದ್ದ ಗೆಳೆಯ ರಾಡ್ ತೆಗೆದುಕೊಂಡು ತಲೆಕೆಳಗು ಮಾಡಿದ. ಹೆಬ್ಬೆರಳಿನಲ್ಲಿ ಫೋರ್‌ಗ್ರಿಪ್‌ನ ಅಡಿಭಾಗವನ್ನು ಉದ್ದಕ್ಕೂ ಸವರಿದ. "ಇದೆಂತ ಮಾರಾಯ, ಅಡಿಯಲ್ಲಿ ಗೆರೆ?" ಅಂದ. ನಾನೂ ಸವರಿದೆ. ಇತ್ತು. ಫೋಮ್ ಒದ್ದೆಯಾಗಿತ್ತಲ್ಲ, ಸುತ್ತಲೂ ಮಂಕು ಕಪ್ಪು, ನಡುವೆ ಕೂದಲೆಳೆಯಷ್ಟು ಸಪೂರ ಗೆರೆ ಮಾತ್ರ ಹೊಳೆಯುತ್ತಿತ್ತು. ಅಂಟಿನ ಗೆರೆ. ಒಂದು ತುದಿಯಲ್ಲಿ ಉಗುರು ಹಾಕಿದರೆ ಫೋಮ್ ಬಾಯಿ ಬಿಟ್ಟಿತು.

ಬ್ಲೇಡಿನಿಂದ ಉದ್ದಕ್ಕೆ ಸೀಳಿದ್ದಾನೆ. ಸೀಳಿ, ರಾಡಿಗೆ ಸುತ್ತಿ, ಕ್ಷಣದಲ್ಲಿ ಅಂಟುವ ಗೋಂದು ಹಾಕಿ ಜೋಡಿಸಿ, ಮೇಲೆ ಸ್ಯಾಂಡ್ ಪೇಪರ್ ಉಜ್ಜಿ ಮುಚ್ಚಿದ್ದಾನೆ. ನನ್ನ ಅಂಗೈ ಅಳತೆ ತೆಗೆದುಕೊಂಡವನು!

ಅಲ್ಲೇ ಬಂಡೆ ಮೇಲೆ ಕೂತು ಪೂರ್ತಿ ಬಿಡಿಸಿದೆವು. ಒಳಗೆ ಇನ್ಸುಲೇಶನ್ ಟೇಪ್ ಸುತ್ತಿತ್ತು. ಕರೆಂಟ್ ವೈರಿಗೆ ಸುತ್ತುವ ಅದೇ ಟೇಪ್. ಅದರ ಅಂಟು ಕರಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು. ಟೇಪಿನ ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಹಳೇ ಗೋಂದಿನ ಕಲೆಗಳು, ಹಳೇ ಗ್ರಿಪ್‌ನ ಕಂದು ಚೂರುಗಳು. ಇನ್ನೂ ಸ್ವಲ್ಪ ಮುಂದೆ, ಕೆರೆದು ತೆಗೆದರೂ ಪೂರ್ತಿ ಹೋಗದ ಬಿಳಿ ಅಕ್ಷರಗಳ ಬುಡ. ಫ್ರೆಶ್ ಪೀಸ್ ಅಂದಿದ್ದು ಇದನ್ನು.

ರಾಡ್ ಕಟ್ಟೋದು ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಯಾಕೆಂದರೆ ಮೋಸ ಇರೋದೇ ಇಲ್ಲಿ. ರಾಡಿನ ಬ್ಲಾಂಕ್ ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ. ಫೋಮ್ ಗ್ರಿಪ್‌ನ ತೂತು ಅದು ಕೂರುವ ಜಾಗದಲ್ಲಿ ಬ್ಲಾಂಕಿನ ದಪ್ಪಕ್ಕಿಂತ ಒಂದೆರಡು ಮಿಲಿಮೀಟರ್ ಚಿಕ್ಕದಿರಬೇಕು. ಇವಿಎ ಹಿಗ್ಗುತ್ತೆ, ಹಿಗ್ಗಿ ಬ್ಲಾಂಕನ್ನು ಸುತ್ತಲೂ ಅಪ್ಪಿ ಹಿಡಿಯುತ್ತೆ. ಕಾರ್ಕ್ ಹಾಗಲ್ಲ, ಅದನ್ನು ಸರಿಯಾದ ಅಳತೆಗೆ ಕೊರೆಯಲೇಬೇಕು. ಫೋಮನ್ನು ಸಪೂರ ತುದಿಯಿಂದ ಹಾಕಿ ಕೆಳಗೆ ತಳ್ಳಿಕೊಂಡು ಬರಬೇಕು. ಎರಡು ತುಂಡಿನ ರಾಡಾದರೆ ಬುಡದ ತುಂಡಿನ ಜೋಡಣೆಯ ತುದಿಯಿಂದ. ಮೊದಲು ಹಿಂದಿನ ಗ್ರಿಪ್, ಆಮೇಲೆ ರೀಲ್ ಸೀಟ್, ಆಮೇಲೆ ಫೋರ್‌ಗ್ರಿಪ್. ಇಷ್ಟೂ ಆದ ಮೇಲೆಯೇ ಗೈಡ್, ಅಂದರೆ ದಾರ ಹಾಯುವ ಬಳೆಗಳನ್ನು, ಕಟ್ಟೋದು. ಇದು ಎಲ್ಲರೂ ಮಾಡುವ ಕ್ರಮ.

ತಳ್ಳುವ ಮುಂಚೆ ಬ್ಲಾಂಕಿನ ಹೊಳಪನ್ನು ಆ ಜಾಗದಲ್ಲಿ ಮಾತ್ರ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ತೆಗೆಯಬೇಕು, ಸ್ಪಿರಿಟ್ ಹಾಕಿ ಒರೆಸಬೇಕು. ಅಂಟು ಎಂದರೆ ಎರಡು ಟ್ಯೂಬಿನ ಎಪಾಕ್ಸಿ, ಅದೂ ನಿಧಾನವಾಗಿ ಗಟ್ಟಿಯಾಗುವಂಥದ್ದು. ಹಸಿ ಇರುವಾಗ ಅದೇ ಜಾರುವುದಕ್ಕೆ ಸಹಾಯ ಮಾಡುತ್ತೆ, ಐದು ನಿಮಿಷದ್ದಾದರೆ ಅರ್ಧ ದಾರಿಯಲ್ಲೇ ಹಿಡಿದುಕೊಂಡು ಬಿಡುತ್ತೆ. ತಳ್ಳಿದಾಗ ಫೋಮ್ ಮುದುಡಿ ಗಿಡ್ಡ ಆಗುತ್ತೆ, ಅದನ್ನು ಕೈಯಲ್ಲಿ ಎಳೆದು ಮೊದಲಿನ ಉದ್ದಕ್ಕೆ ತರಬೇಕು, ಇಲ್ಲದಿದ್ದರೆ ಆಮೇಲೆ ಆಕಾರ ಕೆಡುತ್ತೆ. ಒಂದು ದಿನ ಮುಟ್ಟದೆ ಬಿಡಬೇಕು. ಇಷ್ಟು ಮಾಡಿದ ಗ್ರಿಪ್ ಕಿತ್ತು ತೆಗೆಯಬೇಕಾದರೆ ಚಾಕುವೇ ಬೇಕು, ಕೈಯಲ್ಲಿ ತಿರುಗುವ ಮಾತೇ ಇಲ್ಲ.

ಈಗ ಹೇಳಿ, ಗ್ರಿಪ್ ಸೀಳುವ ಅಗತ್ಯ ಯಾರಿಗೆ ಬರುತ್ತೆ? ಬರಿ ಬ್ಲಾಂಕ್ ಎದುರಿಗಿದ್ದರೆ ಯಾರಾದರೂ ಸೀಳುತ್ತಾರಾ? ಗೈಡ್ ಮೊದಲೇ ಕಟ್ಟಿಯಾಗಿದ್ದರೆ ಮಾತ್ರ ತುದಿಯಿಂದ ಫೋಮ್ ಬರಲ್ಲ, ಬುಡದ ತುಂಡಿನ ದೊಡ್ಡ ಗೈಡಿಗೆ ಬಂದು ನಿಲ್ಲುತ್ತೆ. ಆಗ ಆ ಗೈಡ್ ಬಿಚ್ಚಿ ಮತ್ತೆ ಕಟ್ಟಬೇಕು. ಅಥವಾ ರೀಲ್ ಸೀಟ್ ಕಿತ್ತು ಬುಡದ ಕಡೆಯಿಂದ ಹಾಕಬೇಕು, ಆದರೆ ದಪ್ಪ ಬುಡ ದಾಟುವಷ್ಟು ತೂತು ದೊಡ್ಡದು ಮಾಡಿದರೆ ಮುಂದೆ ಹೋದ ಮೇಲೆ ಸಡಿಲ. ಇಲ್ಲವೇ ಸೀಳಬೇಕು. ಹಳೇ ರಾಡ್ ರಿಪೇರಿ ಮಾಡುವವರು ಸೀಳಿ ಹಾಕೋದುಂಟು, ಅವರು ಮೊದಲೇ ಹೇಳಿ, ಅದಕ್ಕೆ ತಕ್ಕ ದುಡ್ಡು ತೆಗೆದುಕೊಳ್ಳುತ್ತಾರೆ. ಇವನು ಸೀಳಿದ್ದು ಯಾಕೆಂದರೆ ಗೈಡ್ ಮೊದಲೇ ಇತ್ತು. ಗೈಡ್ ಮೊದಲೇ ಇತ್ತು ಅಂದರೆ ಅದು ಹೊಸ ಬ್ಲಾಂಕ್ ಅಲ್ಲ. ಇಷ್ಟೇ ಲೆಕ್ಕ. ಸೀಳಿದ ಫೋಮಿಗೆ ಅಪ್ಪಿ ಹಿಡಿಯುವ ಶಕ್ತಿಯೂ ಇರಲ್ಲ, ಎಲ್ಲ ಆ ಗೆರೆಯ ಗೋಂದಿನ ಮೇಲೆ ನಿಂತಿರುತ್ತೆ. ಉಪ್ಪು ನೀರು, ಬಿಸಿಲು, ಒಂದು ಒಳ್ಳೇ ಮೀನು, ಮುಗೀತು.

ಅವತ್ತು ರಾತ್ರಿಯೇ ಫೋಟೋ ಕಳಿಸಿದೆ. ಅವನ ಉತ್ತರಗಳನ್ನು ಹಾಗೆ ಹಾಗೇ ಬರೆಯುತ್ತೇನೆ.

ಮೊದಲು, "ಸರ್ ಅದು ಸೀಳು ಅಲ್ಲ, ಮೋಲ್ಡ್ ಲೈನ್. ಎಲ್ಲಾ ಇವಿಎಗೂ ಇರುತ್ತೆ." ಮೋಲ್ಡ್ ಲೈನ್ ಅಂದರೆ ಅಚ್ಚಿನ ಗೆರೆ, ಅದರೊಳಗೆ ಉಗುರು ಹೋಗುತ್ತಾ? ವಿಡಿಯೋ ಕಳಿಸಿದೆ, ಎರಡು ಕಡೆ ಎಳೆದು ಬಾಯಿ ತೆರೆದು ತೋರಿಸಿದೆ.

ಆಮೇಲೆ, "ನೀವು ರಾಡನ್ನು ನೀರಲ್ಲಿ ಮುಳುಗಿಸಿದ್ದೀರಾ ಸರ್? ಇವಿಎ ಉಪ್ಪು ನೀರಿಗೆ ಬಿಡುತ್ತೆ." ಕಡಲಿನ ರಾಡ್ ಕೇಳಿ ಮಾಡಿಸಿದವನಿಗೆ ಹೇಳುವ ಮಾತು ಇದು. ಮೀನು ಹಿಡಿಯುವ ರಾಡಿಗೆ ನೀರು ತಾಗಬಾರದಂತೆ!

ಹಳೇ ಗೋಂದು, ಅಕ್ಷರಗಳ ಫೋಟೋ ಕಳಿಸಿದೆ. ತುಂಬಾ ಹೊತ್ತು ನೀಲಿ ಟಿಕ್ ಮಾತ್ರ. ಟೈಪಿಂಗ್ ಅಂತ ಬರೋದು, ನಿಲ್ಲೋದು. ಕೊನೆಗೆ ಬಂದಿದ್ದು, "ನಾನು ಫ್ರೆಶ್ ಅಂದಿದ್ದು ಸರ್, ಹೊಸದು ಅಂತ ಎಲ್ಲಿ ಹೇಳಿದ್ದೀನಿ? ಸ್ಕ್ರೀನ್‌ಶಾಟ್ ಇದ್ರೆ ತೋರಿಸಿ." ಇದನ್ನು ಓದಿ ನನ್ನ ಕೈ ನಡುಗಿತು, ನಿಜವಾಗಿ ಹೇಳುತ್ತಿದ್ದೇನೆ. ಬ್ಲಾಂಕ್ ಹಳೇದು ಅನ್ನೋದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದಾನೆ, ನನ್ನನ್ನು ಏನು ಅಂದುಕೊಂಡಿದ್ದಾನೆ? ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ದುಡ್ಡು ವಾಪಸ್ ಕೇಳಿದಾಗ "ರಾಡ್ ವಾಪಸ್ ಕಳಿಸಿ, ಕೊರಿಯರ್ ಖರ್ಚು ನಿಮ್ಮದು, ಗ್ರಿಪ್ ಮಾತ್ರ ಬದಲಾಯಿಸ್ತೀನಿ" ಅಂದ. ಗ್ರಿಪ್ ಮಾತ್ರ! ಮತ್ತೆ ಸೀಳಿ ಹಾಕೋದಕ್ಕಾ? ಅಷ್ಟೂ ಅಲ್ಲದೆ, ಇರುವ ಒಂದು ಸಾಕ್ಷಿ ಈ ರಾಡು. ಅದನ್ನೂ ಅವನ ಕೈಗೆ ಕೊಟ್ಟರೆ ನನ್ನ ಹತ್ತಿರ ಏನು ಉಳಿಯುತ್ತೆ? ಕಳಿಸಲಿಲ್ಲ. "ಹಾಗಾದರೆ ನಾನು ಏನೂ ಮಾಡೋಕಾಗಲ್ಲ ಬ್ರೋ" ಅಂದ. ಅಲ್ಲಿವರೆಗೆ ಸರ್ ಆಗಿದ್ದವನು ಆವತ್ತಿನಿಂದ ಬ್ರೋ ಆದೆ. ಮಾರನೇ ದಿನ ಬ್ಲಾಕ್.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ. ಬಿಲ್ ಇಲ್ಲ ಅಂತ ಅವನು ನಿಶ್ಚಿಂತೆಯಿಂದ ಇರಬಹುದು. ಯುಪಿಐನಲ್ಲಿ ಹಾಕಿದ ದುಡ್ಡಿನ ದಾಖಲೆ ಇದೆ, ಚಾಟ್ ಇದೆ, ಸೀಳಿದ ಫೋಮ್ ಇದೆ. ಟೇಪಿನ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ.

ರಾಡ್ ಈಗಷ್ಟೇ ಬಂದಿರುವವರು ಇವತ್ತೇ ಒಂದು ಕೆಲಸ ಮಾಡಿ. ಒದ್ದೆ ಬಟ್ಟೆಯಲ್ಲಿ ಗ್ರಿಪ್ ಒರೆಸಿ, ತಿರುಗಿಸಿ, ರೀಲ್ ಕೂರುವ ಕಡೆಯೇ ಬಿಸಿಲಿಗೆ ಹಿಡಿದು ನೋಡಿ. ಉದ್ದಕ್ಕೂ ಹೊಳೆಯುವ ಗೆರೆ ಇದೆಯಾ ನೋಡಿ. ಒಂದು ಕೈಯಲ್ಲಿ ರೀಲ್ ಸೀಟ್ ಹಿಡಿದು ಇನ್ನೊಂದು ಕೈಯಲ್ಲಿ ಫೋಮನ್ನು ಬಲವಾಗಿ ತಿರುಚಿ. ಒಂದು ಕೂದಲಷ್ಟೂ ಅಲುಗಬಾರದು. ಕೊರಿಯರ್ ಪೊಟ್ಟಣ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ, ನೀರಿಗೆ ತೆಗೆದುಕೊಂಡು ಹೋದ ಮೇಲೆ ಎಲ್ಲವೂ ನಿಮ್ಮ ತಪ್ಪೇ ಆಗುತ್ತೆ. "ಮೋಲ್ಡ್ ಲೈನ್" ಅಂದರೆ ನಂಬಬೇಡಿ.

ಅಡ್ವಾನ್ಸ್ ಕೊಟ್ಟು ಕಾಯುತ್ತಿರುವವರು ಬಾಕಿ ದುಡ್ಡು ಈಗಲೇ ಹಾಕಬೇಡಿ. ಗೈಡ್ ಕಟ್ಟುವ ಮುಂಚೆ, ಬರಿ ಬ್ಲಾಂಕ್ ಮೇಲೆ ಫೋಮ್ ಇಳಿಸುವ ವಿಡಿಯೋ ಕೇಳಿ. ಪಕ್ಕದಲ್ಲಿ ನಿಮ್ಮ ಹೆಸರು, ಆವತ್ತಿನ ತಾರೀಕು ಬರೆದ ಚೀಟಿ ಇಟ್ಟು ತೆಗೆಯಲು ಹೇಳಿ. ಸೀಕ್ರೆಟ್ ಅಂದರೆ ಅಡ್ವಾನ್ಸ್ ವಾಪಸ್ ಕೇಳಿ. ನನ್ನಿಂದ ನಂಬರ್ ಪಡೆದ ಹುಡುಗನಿಗೂ ಇದನ್ನೇ ಹೇಳಿದ್ದೇನೆ. ಅವನು ವಿಡಿಯೋ ಕೇಳಿದ್ದಾನೆ, ಇನ್ನೂ ಬಂದಿಲ್ಲ.