ಡೇಟ್ ಇತ್ತು, ತಣ್ಣಗೂ ಇತ್ತು. ಆದರೂ ಆಸ್ಪತ್ರೆ ಸೇರಿದೆವು

ಮಳೆಗಾಲದಲ್ಲಿ ನಮ್ಮ ಕೊಡಗಿನ ಅಂಗಡಿಗಳ ಫ್ರಿಜ್‌ನಿಂದ ಸಲಾಮಿ, ಸಾಸೇಜ್, ಪನೀರ್ ತರುವವರು ಇದನ್ನೊಮ್ಮೆ ಓದಿ. ನಮ್ಮ ಮನೆಯಲ್ಲಿ ಒಂದೇ ರಾತ್ರಿ ನಾಲ್ಕು ಜನ ಮಲಗಿದೆವು. ಅದರಲ್ಲೊಬ್ಬಳು ಆರು ತಿಂಗಳ ಬಸುರಿ.

ಅವತ್ತು ಆಗಸ್ಟ್ 3, ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪು ತಿನ್ನುವ ದಿನ. ಕೊಡವರ ಮನೆಗಳಲ್ಲಿ ಕಕ್ಕಡ ಹದಿನೆಂಟು ಅಂತಾರೆ, ಸೊಪ್ಪು ಮಾತ್ರ ಒಂದೇ. ಅತ್ತೆ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ನಾನು ಮಡಿಕೇರಿಗೆ ಹೋಗಿದ್ದವಳು ಸಂಜೆ ಬರುವಾಗ ಒಂದು ಸೂಪರ್ ಮಾರ್ಕೆಟ್‌ಗೆ ನುಗ್ಗಿ ಬ್ರೆಡ್ಡು, ಚಿಕನ್ ಸಲಾಮಿ ತಂದೆ. ಬೇಯಿಸುವ ಕೆಲಸ ಇಲ್ಲ, ಹಾಗೇ ತಿನ್ನಬಹುದು ಅಂತ ಪ್ಯಾಕೆಟ್ ಮೇಲೇ ಇತ್ತು. ಡೇಟ್ ನೋಡಿದೆ, ಇನ್ನೂ ಹನ್ನೆರಡು ದಿನ ಇತ್ತು. ಮುಟ್ಟಿದರೆ ಮಂಜಿನ ಹಾಗೆ ತಣ್ಣಗಿತ್ತು. ಇನ್ನೇನು ಬೇಕು ಅಲ್ವಾ?

ಮನೆಗೆ ಬಂದು ಪ್ಯಾಕೆಟ್ ಕತ್ತರಿಸಿದಾಗ ಒಳಗಿಂದ ಒಂದು ಚಮಚದಷ್ಟು ನೀರು ಸುರಿಯಿತು. ಸ್ವಲ್ಪ ಲೋಳೆ ಲೋಳೆ. ವಾಸನೆ ಏನೂ ಇರಲಿಲ್ಲ. ಬೆರಳು ಸೀರೆಗೆ ಒರೆಸಿಕೊಂಡು ಸ್ಯಾಂಡ್‌ವಿಚ್ ಮಾಡಿದೆ. ಆ ಚಮಚ ನೀರನ್ನು ಈಗಲೂ ನೆನೆಸಿಕೊಂಡು ಬೈದುಕೊಳ್ಳುತ್ತೇನೆ.

ಏಳೂವರೆಗೆ ತಿಂದೆವು. ಹನ್ನೊಂದಕ್ಕೆ ನಮ್ಮನೆಯವರು ಎದ್ದು ಓಡಿದರು. ಹಿಂದೆಯೇ ಮಗ. ಆಮೇಲೆ ನಾನು. ಕರೆಂಟ್ ಇಲ್ಲ, ಹೊರಗೆ ಜಡಿಮಳೆ, ಒಂದೇ ಟಾರ್ಚ್, ಮೂರು ಬಕೆಟ್. ಮಗನಿಗೆ ಒಂದು ಗುಟುಕು ನೀರೂ ನಿಲ್ಲಲಿಲ್ಲ. ಒಂದು ಗಂಟೆ ಹೊತ್ತಿಗೆ ಬಸುರಿ ನಾದಿನಿಗೂ ಶುರುವಾದಾಗ ಕೈಕಾಲು ತಣ್ಣಗಾಯಿತು. ಪಕ್ಕದ ಮನೆಯವರು ಜೀಪ್ ತೆಗೆದರು. ದಾರಿಯಲ್ಲಿ ಸಿಲ್ವರ್ ಮರ ಅಡ್ಡ ಬಿದ್ದಿತ್ತು. ಅವರೇ ಕತ್ತಿ ಹಿಡಿದು ಕೊಂಬೆ ಕಡಿದು ಜೀಪ್ ನುಗ್ಗಿಸಿದರು. ಆಸ್ಪತ್ರೆ ಮುಟ್ಟಿದಾಗ ಮೂರು ಗಂಟೆ.

ನಮ್ಮನೆಯವರು ಡಾಕ್ಟರ ಹತ್ತಿರ ಮೊದಲು ಹೇಳಿದ್ದೇ ಪಾಯಸದ ಮೇಲೆ. ಡಾಕ್ಟರು ಸಮಾಧಾನದಿಂದ ಎರಡೇ ಪ್ರಶ್ನೆ ಕೇಳಿದರು. ತಿಂದಿದ್ದು ಎಷ್ಟು ಗಂಟೆಗೆ? ತಿಂದೂ ಚೆನ್ನಾಗಿರುವವರು ಯಾರು? ಆಗ ಲೆಕ್ಕ ಬಿಚ್ಚಿಕೊಂಡಿತು. ಅತ್ತೆ, ಮಾವ ಎರಡೆರಡು ಬಟ್ಟಲು ಪಾಯಸ ಕುಡಿದು ಗಟ್ಟಿಮುಟ್ಟಾಗಿದ್ದರು. ಅವರು ಸಲಾಮಿ ಮುಟ್ಟಿರಲಿಲ್ಲ. ಬಸುರಿ ಅಂತ ನಾದಿನಿಗೆ ಅತ್ತೆ ಪಾಯಸ ಕೊಟ್ಟೇ ಇರಲಿಲ್ಲ. ಅವಳು ತಿಂದಿದ್ದು ಅರ್ಧ ಸ್ಯಾಂಡ್‌ವಿಚ್.

ತಿಂದ ಮೂರ್ನಾಲ್ಕು ಗಂಟೆಯಲ್ಲಿ, ಜ್ವರ ಇಲ್ಲದೆ, ಹೀಗೆ ಒಂದೇ ಸಮ ವಾಂತಿ ಅಂದರೆ ಸ್ಟ್ಯಾಫಿಲೊಕಾಕಸ್ ಇರಬಹುದು ಅಂದರು. ಆ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆಯುತ್ತಾ ಅಲ್ಲೇ ವಿಷ ಬಿಟ್ಟಿರುತ್ತದಂತೆ. ಆಮೇಲೆ ಎಷ್ಟು ಕುದಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹೋಗುವುದಿಲ್ಲ. ಫ್ರಿಜ್‌ನಲ್ಲಿ ಮತ್ತೆ ತಣ್ಣಗೆ ಮಾಡಿದರೂ ಅಷ್ಟೇ. ನಮಗೆ ಡ್ರಿಪ್ ಹಾಕಿದರು, ಮಾರನೇ ದಿನ ಸಂಜೆಗೆ ಎದ್ದು ಕೂತೆವು.

ನಾದಿನಿಯದು ಬೇರೆ ಕಥೆ. ಅವಳ ಬಗ್ಗೆ ಡಾಕ್ಟರಿಗೆ ಇನ್ನೊಂದು ಹೆದರಿಕೆ ಇತ್ತು, ಲಿಸ್ಟೀರಿಯಾ. ಮಿಕ್ಕ ಹೆಚ್ಚಿನ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಚಳಿ ತಡೆಯುತ್ತದೆ, ಇದು ಫ್ರಿಜ್ ಒಳಗೇ ನಿಧಾನವಾಗಿ ಬೆಳೆಯುತ್ತದೆ. ಬೇಯಿಸದೆ ತಿನ್ನುವ ಸಲಾಮಿಯಂಥ ಮಾಂಸ, ಕಾಯಿಸದ ಹಾಲಿನ ಚೀಸ್, ಕತ್ತರಿಸಿಟ್ಟ ಹಣ್ಣು ಇದಕ್ಕೆ ಇಷ್ಟ. ಗಟ್ಟಿ ಆಳಿಗೆ ಏನೂ ಆಗದೆ ಹೋಗಬಹುದು. ಬಸುರಿಗೆ ಸುಮ್ನೆ ಸಣ್ಣ ಜ್ವರ, ಮೈಕೈ ನೋವು ಅಂತ ಬಂದು ಮಗುವಿನ ಜೀವಕ್ಕೇ ಕುತ್ತಾಗಬಹುದು. ದಕ್ಷಿಣ ಆಫ್ರಿಕಾದಲ್ಲಿ 2017-18ರಲ್ಲಿ ಪೋಲೊನಿ ಅನ್ನುವ ಇಂಥದೇ ರೆಡಿ ಮಾಂಸದಿಂದ ಸಾವಿರಕ್ಕೂ ಹೆಚ್ಚು ಜನರಿಗೆ ಲಿಸ್ಟೀರಿಯಾ ಬಂದು 200ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಹಸುಗೂಸುಗಳೇ ಜಾಸ್ತಿ. ತಿಂದು 70 ದಿನದವರೆಗೂ ಕಾಣಿಸಿಕೊಳ್ಳಬಹುದು, ಅಲ್ಲಿವರೆಗೆ ಒಂದು ಸಣ್ಣ ಜ್ವರ ಬಂದರೂ ಓಡಿ ಬನ್ನಿ ಅಂದರು.

ವಾರ ಕಳೆದು ಅದೇ ಅಂಗಡಿಗೆ ಹೋದೆ. ಮಾಲೀಕರು ಡೇಟ್ ಇತ್ತಲ್ಲ ಮೇಡಂ ಅಂತ ಒಂದೇ ಪಟ್ಟು. ಹೊರಗೆ ಬರುವಾಗ ಬಿಲ್ ಹಾಕುವ ಹುಡುಗನನ್ನು ಕೇಳಿದೆ, ಅವತ್ತು ಇಲ್ಲಿ ಕರೆಂಟ್ ಇತ್ತಾ?

"ಎರಡು ದಿನ ಇರಲಿಲ್ಲ ಅಕ್ಕಾ. ಅವತ್ತು ಮಧ್ಯಾಹ್ನ ಬಂತು."

ಮತ್ತೆ ಯುಪಿಎಸ್?

"ಅದು ಕಂಪ್ಯೂಟರಿಗೆ ಮಾತ್ರ ಅಕ್ಕಾ, ಫ್ರಿಜ್‌ಗೆ ಇಲ್ಲ."

ಅಲ್ಲಿಗೆ ಅರ್ಥವಾಯಿತು. ನಾನು ಮುಟ್ಟಿ ನೋಡಿದ ಚಳಿ ಮಧ್ಯಾಹ್ನದಿಂದ ಈಚಿನದು. ಬೇರೆ ಪ್ಯಾಕೆಟ್ ಒಂದನ್ನು ತಿರುಗಿಸಿ ಓದಿದೆ: 0ಯಿಂದ 4 ಡಿಗ್ರಿಯಲ್ಲಿ ಇಡಬೇಕು. ಇರುವೆ ಗಾತ್ರದ ಅಕ್ಷರ. ಅಂದರೆ ಆ ಡೇಟ್ ಅಷ್ಟು ಚಳಿಯಲ್ಲಿ ಇಟ್ಟರೆ ಮಾತ್ರ. ಬಾಗಿಲು ತೆಗೆಯದ ಫ್ರಿಜ್ ಕರೆಂಟ್ ಹೋದ ಮೇಲೆ ಸುಮಾರು 4 ಗಂಟೆ ಚಳಿ ಹಿಡಿದಿಡುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ಅಂಗಡಿ ಫ್ರಿಜ್ ಬಾಗಿಲು ಗಳಿಗೆಗೊಮ್ಮೆ ತೆರೆಯುತ್ತದೆ. ನಮ್ಮ ಆಟಿ ಮಳೆಯಲ್ಲಿ ಕರೆಂಟ್ ಹೋಗುವುದು ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ.

ಅದಕ್ಕೇ ಈಗ ಮೊದಲು ಜನರೇಟರ್ ಇದೆಯಾ ಅಂತ ಕೇಳುತ್ತೇನೆ. ನಾಚಿಕೆ ಬಿಟ್ಟಿದ್ದೇನೆ. ಪ್ಯಾಕೆಟ್ ಉಬ್ಬಿದ್ದರೆ, ಒಳಗೆ ನೀರು ನಿಂತಿದ್ದರೆ, ಫ್ರೋಜನ್ ಬಟಾಣಿ ಒಂದೇ ಗಡ್ಡೆಯಾಗಿದ್ದರೆ ಅದು ನಡುವೆ ಚಳಿ ತಪ್ಪಿದ ಮಾಲಿರಬಹುದು. ಮೂಸಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ನಮ್ಮದರಲ್ಲಿ ವಾಸನೆಯೇ ಇರಲಿಲ್ಲ. ಬಸುರಿಯರು, ವಯಸ್ಸಾದವರು ಇರುವ ಮನೆಗೆ ಸಲಾಮಿ ತಂದರೆ ಹಬೆ ಏಳುವಷ್ಟು ಬಿಸಿ ಮಾಡಿ ಕೊಡಿ, ಲಿಸ್ಟೀರಿಯಾ ಅದಕ್ಕೆ ಸಾಯುತ್ತದೆ. ಕೆಟ್ಟ ಮಾಲಿಗೆ ಆ ಉಪಾಯ ನಡೆಯಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಾವ ಬೆಳಿಗ್ಗೆಯೇ ಮನೆ ಚೊಕ್ಕ ಮಾಡಿ ಪ್ಯಾಕೆಟ್, ಮಿಕ್ಕ ಸಲಾಮಿ, ಬಿಲ್ಲು ಎಲ್ಲ ಗೊಬ್ಬರ ಗುಂಡಿಗೆ ಹಾಕಿದ್ದರು. ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಎಲ್ಲ ಅಲ್ಲೇ ಹೋಯಿತು. ಪರೀಕ್ಷೆ ಮಾಡಿಸೋಣ ಅಂದರೆ ಏನು ಕೊಡುವುದು? ನಿಮಗೆ ಹೀಗಾದರೆ ಉಳಿದಿದ್ದನ್ನು ಕವರ್ ಸಮೇತ ಕಟ್ಟಿ ಫ್ರಿಜ್‌ನಲ್ಲಿಡಿ, ಫೋಟೋ ತೆಗೆಯಿರಿ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ನಾದಿನಿ ಚೆನ್ನಾಗಿದ್ದಾಳೆ. ಎಪ್ಪತ್ತನೇ ದಿನ ಅಕ್ಟೋಬರ್ 12ಕ್ಕೆ ಬರುತ್ತದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಅತ್ತೆ ಅದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಟ್ಟಿದ್ದಾರೆ. ಪಾಯಸದ ಮೇಲೆ ಹೇಳಿದ್ದಕ್ಕೆ ತಮ್ಮ ಮಗನ ಹತ್ತಿರ ಇನ್ನೂ ಸರಿಯಾಗಿ ಮಾತಾಡಿಲ್ಲ.