1956ರ ಫೋರ್ಡ್ ಎಫ್-100ಕ್ಕೆ ಕ್ರೌನ್ ವಿಕ್ಟೋರಿಯಾದ ಮುಂಭಾಗ: ನಾಲ್ಕು ವರ್ಷ ಓಡಿಸಿದ ಮೇಲೆ

ಮುಂದಿನ ಫ್ರೇಮ್ ಬದಲಿಸಿ, ಫೋರ್ಡ್‌ನದೇ ಕ್ರೌನ್ ವಿಕ್ಟೋರಿಯಾ ಕಾರಿನ ಮುಂದಿನ ಸಸ್ಪೆನ್ಷನ್ (ಚಕ್ರಗಳನ್ನು ಹಿಡಿದು ಕುಲುಕಾಟ ತಡೆಯುವ ಭಾಗ) ಕೂರಿಸಿದ ಮೇಲೆ ನನ್ನ ಪಿಕಪ್ ನಾಲ್ಕು ವರ್ಷಗಳಲ್ಲಿ ಇಪ್ಪತ್ತೆರಡು ಸಾವಿರ ಮೈಲಿ ಓಡಿದೆ. ಇಷ್ಟು ದಿನ ಬರೆಯದೆ ಕಾದದ್ದಕ್ಕೆ ಕಾರಣವಿದೆ: ಈ ಕೆಲಸದ ಗುಣ ಮೊದಲ ತಿಂಗಳಲ್ಲಿ ತಿಳಿಯುವುದಿಲ್ಲ. ನನಗೆ ತಿಳಿದದ್ದು ಹನ್ನೊಂದನೆಯ ತಿಂಗಳಲ್ಲಿ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ನನ್ನ ಹಳೆಯ ಪಿಕಪ್‌ಗೆ ಮೂಲದಲ್ಲಿ ಇದ್ದದ್ದು ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತುಂಡಿನ ಐ-ಬೀಮ್ ಆಕ್ಸಲ್, ಲೀಫ್ ಸ್ಪ್ರಿಂಗ್, ಡ್ರಮ್ ಬ್ರೇಕ್. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದೂ ವಾಲುತ್ತಿತ್ತು. ಹೆದ್ದಾರಿಯಲ್ಲಿ ಸ್ಟೀರಿಂಗ್ ಜೊತೆ ಗುದ್ದಾಡಿ ತೋಳು ಸೋಲುತ್ತಿತ್ತು. ಸಾಲದ್ದಕ್ಕೆ, ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಅಸ್ಥಿಪಂಜರದಂಥ ಉಕ್ಕಿನ ಫ್ರೇಮಿನ ಮುಂದಿನ ಭಾಗವನ್ನು ತಿಂದುಹಾಕಿತ್ತು. ಆದ್ದರಿಂದ ಕ್ಯಾಬಿನ್ನಿನಿಂದ ಮುಂದಿನ ಫ್ರೇಮನ್ನೇ ಕತ್ತರಿಸಿ, ಎರಡಕ್ಕೆ ನಾಲ್ಕು ಇಂಚಿನ ಆಯತಾಕಾರದ ಕೊಳವೆಯ ಹೊಸ ಹಳಿಗಳನ್ನು (ಫ್ರೇಮಿನ ಉದ್ದನೆಯ ತೊಲೆಗಳನ್ನು) ಬೆಸೆದು, ಅದಕ್ಕೆ ಕ್ರೌನ್ ವಿಕ್ಟೋರಿಯಾದ ಸಸ್ಪೆನ್ಷನ್ ಕೂರಿಸಲು ನಿರ್ಧರಿಸಿದೆ.

2003ರಿಂದ 2011ರವರೆಗಿನ ಆ ಕಾರಿನಲ್ಲಿ ಮುಂದಿನ ಚಕ್ರಗಳನ್ನು ಹಿಡಿದಿರುವ ತೋಳುಗಳು, ರ‍್ಯಾಕ್ ಆಂಡ್ ಪಿನಿಯನ್ ಸ್ಟೀರಿಂಗ್, 4.6 ಲೀಟರ್ ವಿ8 ಎಂಜಿನ್ ಎಲ್ಲವನ್ನೂ ಹೊತ್ತಿರುವುದು ಒಂದೇ ಅಲ್ಯೂಮಿನಿಯಂ ಕ್ರೇಡಲ್. ಬೋಲ್ಟ್ ಬಿಚ್ಚಿದರೆ ಇಡಿಯಾಗಿ ಕೆಳಗಿಳಿಯುತ್ತದೆ. ತೋಳುಗಳ ಕೋನವನ್ನು ಕಾರ್ಖಾನೆಯೇ ಹೊಂದಿಸಿರುವುದರಿಂದ, ಗುಂಡಿ ಸಿಕ್ಕಾಗ ಚಕ್ರ ತಾನೇ ತಿರುಗುವ ಕಾಯಿಲೆ ಇಲ್ಲ. ಪೊಲೀಸರೂ ಟ್ಯಾಕ್ಸಿಯವರೂ ಬಳಸಿದ ಕಾರಾದ್ದರಿಂದ ಗುಜರಿಯಲ್ಲಿ ಬಿಡಿಭಾಗಗಳಿಗೆ ಬರವಿಲ್ಲ.

ಕ್ರೇಡಲ್ ನನಗೆ ಎಂದೂ ಕೈಕೊಡಲಿಲ್ಲ. ಕೈಕೊಟ್ಟದ್ದು ಬೆಸುಗೆ. ಹನ್ನೊಂದನೆಯ ತಿಂಗಳಲ್ಲಿ ಗಾಡಿ ಎಡಕ್ಕೆ ಎಳೆಯತೊಡಗಿತು. ಅಲೈನ್‌ಮೆಂಟ್ ಮಾಡಿಸಿದರೂ ಎರಡು ವಾರದಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಗಾಡಿಯಡಿ ಮಲಗಿ ಟಾರ್ಚ್ ಹಿಡಿದಾಗ, ಬೆಸುಗೆಯ ಗೆರೆಯ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಕಾಣಿಸಿತು. ನನ್ನ ಹೆಂಡತಿ ಮಕ್ಕಳು ಅದೇ ಗಾಡಿಯಲ್ಲಿ ಹಿಂದಿನ ದಿನ ಪ್ರಯಾಣ ಮಾಡಿದ್ದರು. ಆ ಸಿಟ್ಟು ಇನ್ನೂ ಆರಿಲ್ಲ.

ಮೊದಲ ವರ್ಕ್‌ಶಾಪ್ ಹಳೆಯ ಹಳಿಯನ್ನೂ ಹೊಸದನ್ನೂ ನೇರವಾಗಿ ಕತ್ತರಿಸಿ, ಮುಖಕ್ಕೆ ಮುಖ ಜೋಡಿಸಿ ಬೆಸೆದಿತ್ತು. ಬೆಸುಗೆಯ ಶಾಖ ತಾಗಿದ ಲೋಹ ಅಕ್ಕಪಕ್ಕದಲ್ಲಿ ಗುಣಗೆಡುತ್ತದೆ. ಬೆಸುಗೆಯ ಗೆರೆ ಫ್ರೇಮಿಗೆ ಅಡ್ಡಲಾಗಿ ನೆಟ್ಟಗೆ ನಿಂತರೆ ಗಾಡಿ ಬಾಗಿದಾಗಲೆಲ್ಲ ಒತ್ತಡ ಅದೇ ಗೆರೆಯ ಮೇಲೆ ಬೀಳುತ್ತದೆ. ಎರಡನೆಯ ಕುಶಲಕರ್ಮಿ ಕತ್ತರಿಸುವ ಮುನ್ನ ಫ್ರೇಮನ್ನು ಸಮತಟ್ಟಾಗಿ ನಿಲ್ಲಿಸಿ, ಆಧಾರ ಕಟ್ಟಿ, ಕರ್ಣಗಳನ್ನು ಮೂರು ಸಲ ಅಳೆದರು. 110 ಇಂಚಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಎರಡೂ ಬದಿ ಒಂದೇ ಬಂದ ಮೇಲಷ್ಟೇ ಕತ್ತರಿಸಿ ಬೆಸೆದರು. ಓರೆ ಜೋಡಣೆ, ಕೊಳವೆಯೊಳಗೆ ಬಲ ಕೊಡುವ ಒಂದು ಒಳಕವಚ, ಹೊರಗೆ ವಜ್ರಾಕೃತಿಯ ತಗಡು. ಹಣ ಎರಡು ಸಲ ಹೋಯಿತು. ನೀವು ಕೆಲಸ ಕೊಡುವ ಮುನ್ನ ಯಾವ ಸಸ್ಪೆನ್ಷನ್ ಎಂದು ಕೇಳುವುದಕ್ಕಿಂತ, ಫ್ರೇಮನ್ನು ಹೇಗೆ ಜೋಡಿಸುತ್ತೀರಿ ಎಂದು ಮೊದಲು ಕೇಳಿ. ಉತ್ತರಿಸಲು ತಡವರಿಸುವವರ ಬಳಿ ಗಾಡಿ ಬಿಡಬೇಡಿ.

ಅಲ್ಲಿಂದೀಚೆಗೆ ಗಾಡಿ ಮನಸ್ಸಿಗೆ ತೃಪ್ತಿ ಕೊಟ್ಟಿದೆ. 70 ಮೈಲಿ ವೇಗದಲ್ಲೂ ಒಂದೇ ಕೈ ಸಾಕು. ಡಿಸ್ಕ್ ಬ್ರೇಕ್ ಹಿಡಿದರೆ ಗಾಡಿ ನೇರವಾಗಿ ನಿಲ್ಲುತ್ತದೆ. ಬದಲಿಸಿದ್ದು ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ವೇ ಬಾರ್‌ನ ಒಂದು ಲಿಂಕ್ ಮಾತ್ರ.

ತೊಡಕುಗಳೂ ಇವೆ. ಕಾರಿನ ಮುಂದಿನ ಚಕ್ರಗಳ ಅಂತರ ಈ ಟ್ರಕ್ಕಿಗೆ ಹೆಚ್ಚೇ ಆಯಿತು. ಒಳಕ್ಕೆ ಆಳವಾಗಿ ಕೂರುವ ರಿಮ್ ಹಾಕದಿದ್ದರೆ ಟಯರ್ ಮಡ್‌ಗಾರ್ಡ್‌ನಿಂದ ಹೊರಚಾಚುತ್ತದೆ. ಪೂರ್ತಿ ತಿರುಗಿಸಿದಾಗ ಬಲಗಡೆ ಈಗಲೂ ಸ್ವಲ್ಪ ಉಜ್ಜುತ್ತದೆ. ಅಲ್ಯೂಮಿನಿಯಂ ಕ್ರೇಡಲ್ಲನ್ನು ಉಕ್ಕಿಗೆ ಬೆಸೆಯಲಾಗದು, ಬೋಲ್ಟಿನಲ್ಲೇ ಬಿಗಿಯಬೇಕು. ಎರಡು ಲೋಹ ಸೇರುವಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಅಲ್ಲಿ ದಪ್ಪನೆಯ ಲೇಪ ಬಳಿಸಿದ್ದೇನೆ, ಹಿಮ ಬಿದ್ದ ಮೇಲೆ ಗಾಡಿ ಹೊರತೆಗೆಯುವುದಿಲ್ಲ.

ಇನ್ನೊಂದು ಮಾತು: ಎಫ್-100ರ ಮೂಲ ಚಕ್ರಕ್ಕೆ ಐದು ಬೋಲ್ಟುಗಳ ವೃತ್ತದ ವ್ಯಾಸ ಐದೂವರೆ ಇಂಚು, ಕ್ರೌನ್ ವಿಕ್ಟೋರಿಯಾದ್ದು ನಾಲ್ಕೂವರೆ. ಹಳೆಯ ರಿಮ್‌ಗಳನ್ನೇ ಉಳಿಸಿಕೊಳ್ಳುವ ಆಸೆ ಇರುವವರು ಈ ದಾರಿ ಹಿಡಿಯಬೇಡಿ.