ಫ್ರೈಟ್ ಫಾರ್ವರ್ಡರ್ ಸೇವೆ: 2019ರಿಂದ ಬಳಸುತ್ತಿರುವ ರಫ್ತುದಾರನ ಅಭಿಪ್ರಾಯ

ಪೀಣ್ಯದ ನಮ್ಮ ಘಟಕದಲ್ಲಿ ತಯಾರಾಗುವ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಜರ್ಮನಿಗೂ ಅಮೆರಿಕಕ್ಕೂ ಕಳುಹಿಸಲು 2019ರಿಂದ ಬೆಂಗಳೂರಿನ ಒಂದೇ ಫ್ರೈಟ್ ಫಾರ್ವರ್ಡಿಂಗ್ ಸಂಸ್ಥೆಯನ್ನು ಅವಲಂಬಿಸಿದ್ದೇವೆ. ಕಂಟೇನರ್ ಮಾಲು ವೈಟ್‌ಫೀಲ್ಡ್‌ನ ಐಸಿಡಿಯಲ್ಲಿ (ಒಳನಾಡು ಕಂಟೇನರ್ ಡಿಪೋ) ಕಸ್ಟಮ್ಸ್ ಮುಗಿಸಿಕೊಂಡು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತದೆ. ತುರ್ತಿನದು ದೇವನಹಳ್ಳಿಯಿಂದ ವಿಮಾನ ಏರುತ್ತದೆ. ಫಾರ್ವರ್ಡರ್ ಬಳಿ ಸ್ವಂತ ಹಡಗೂ ಇಲ್ಲ, ವಿಮಾನವೂ ಇಲ್ಲ. ಶಿಪ್ಪಿಂಗ್ ಲೈನ್ ಮತ್ತು ಏರ್‌ಲೈನ್‌ಗಳಿಂದ ಜಾಗ ಕೊಂಡು ನಮಗೆ ಮಾರುವುದು ಅವರ ಕಸುಬು. ಆದ್ದರಿಂದ ಮಾರುಕಟ್ಟೆ ಒಮ್ಮೆ ಏರಿ ಒಮ್ಮೆ ಇಳಿದದ್ದನ್ನು ಕಂಡ ಮೇಲಷ್ಟೇ ಈ ಸೇವೆಯ ಬಗ್ಗೆ ನ್ಯಾಯವಾಗಿ ಬರೆಯಲು ಸಾಧ್ಯ.

ಏರಿಕೆಯ ಕಾಲದಲ್ಲಿ ಇವರು ನಡೆದುಕೊಂಡ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹಡಗು ಸಾಗಣೆಯ ಸಲಹಾ ಸಂಸ್ಥೆ ಡ್ರೂರಿಯ ವಿಶ್ವ ಕಂಟೇನರ್ ಸೂಚ್ಯಂಕದಲ್ಲಿ 40 ಅಡಿ ಕಂಟೇನರಿನ ಸರಾಸರಿ ದರ ಕೋವಿಡ್‌ಗೆ ಮುಂಚೆ 1,500 ಡಾಲರ್‌ನ ಆಸುಪಾಸಿನಲ್ಲಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ 10,000 ಡಾಲರ್ ದಾಟಿತ್ತು. ಆ ವರ್ಷ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಸಂಚಾರ ನಿಂತಿತ್ತು. ಖಾಲಿ ಕಂಟೇನರ್‌ಗಳು ವಿದೇಶಿ ಬಂದರುಗಳಲ್ಲಿ ಸಿಲುಕಿ ಇಲ್ಲಿ ಮಾಲು ತುಂಬಲು ಕಂಟೇನರೇ ಸಿಗದಂತಾಗಿತ್ತು. ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿಗೆ ಸೀಟು ಹುಡುಕಿದಂತಿತ್ತು ನಮ್ಮ ಸ್ಥಿತಿ. ಬುಕಿಂಗ್ ಮುಂದಿನ ಹಡಗಿಗೆ ಜಾರುವ ಸೂಚನೆ ಕಂಡಾಗಲೆಲ್ಲ ಇವರು ಮಾಲು ಪೀಣ್ಯ ಬಿಡುವ ಮೊದಲೇ ತಿಳಿಸುತ್ತಿದ್ದರು, ಇದರಿಂದ ಹ್ಯಾಂಬರ್ಗ್‌ನ ಗ್ರಾಹಕರಿಗೆ ನಾವು ಸುಳ್ಳು ದಿನಾಂಕ ಕೊಡುವ ಪ್ರಸಂಗ ಬರಲಿಲ್ಲ. ಅಗ್ಗದ ಕೊಟೇಶನ್ ಕೊಟ್ಟು ಕೊನೆಗಳಿಗೆಯಲ್ಲಿ ಫೋನ್ ಎತ್ತದವರೂ ಆಗ ಊರಲ್ಲಿ ಬೇಕಾದಷ್ಟಿದ್ದರು.

ದೂರು ಇರುವುದು ಇಳಿಕೆಯ ಕಾಲದ ಬಗ್ಗೆ. ಬೇಡಿಕೆ ಕುಸಿದು, ಏರಿಕೆಯ ಭರದಲ್ಲಿ ಆರ್ಡರ್ ಆಗಿದ್ದ ಹೊಸ ಹಡಗುಗಳು ಒಂದೊಂದಾಗಿ ನೀರಿಗಿಳಿದ ಮೇಲೆ 2023ರಲ್ಲಿ ಅದೇ ಸೂಚ್ಯಂಕ ಮತ್ತೆ 1,500 ಡಾಲರಿಗಿಂತ ಕೆಳಗೆ ಬಂತು. ದರ ಏರಿದ ದಿನವೇ ಇಮೇಲ್ ಕಳುಹಿಸುತ್ತಿದ್ದ ಸಂಸ್ಥೆಗೆ ದರ ಇಳಿದದ್ದನ್ನು ಮಾತ್ರ ನಾವೇ ನೆನಪಿಸಬೇಕಾಯಿತು. ಕೇಳಿದ ಮೇಲೆ ಸಾಗಣೆ ದರವನ್ನೇನೋ ಇಳಿಸಿದರು. ಆದರೆ ಅದೇ ಇನ್‌ವಾಯ್ಸ್‌ನ ಕೆಳಸಾಲುಗಳಲ್ಲಿ ಡಾಕ್ಯುಮೆಂಟೇಶನ್ ಮತ್ತು ಹ್ಯಾಂಡ್ಲಿಂಗ್ ಶುಲ್ಕಗಳು ಸದ್ದಿಲ್ಲದೆ ಬೆಳೆದಿದ್ದವು. ರಫ್ತು ಸಾಗಣೆಗಿದ್ದ ಜಿಎಸ್‌ಟಿ ವಿನಾಯಿತಿ 2022ರ ಸೆಪ್ಟೆಂಬರ್ 30ಕ್ಕೆ ಮುಗಿದು ಹಡಗಿಗೆ ಶೇ. 5, ವಿಮಾನಕ್ಕೆ ಶೇ. 18 ತೆರಿಗೆ ಬಿದ್ದದ್ದರಿಂದ ನಮ್ಮ ಕೈಯಲ್ಲಿನ ಹಣ ಆಗಲೇ ತೆರಿಗೆ ರೀಫಂಡ್ ಬರುವವರೆಗೆ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಈ ಚಿಲ್ಲರೆ ಸಾಲುಗಳು ಸಣ್ಣ ಘಟಕಕ್ಕೆ ಚಿಲ್ಲರೆಯಾಗಿರುವುದಿಲ್ಲ. ಈಗ ಸಾಗಣೆ ದರ, ಟರ್ಮಿನಲ್ ಶುಲ್ಕ, ಬಿಲ್ ಆಫ್ ಲೇಡಿಂಗ್ (ಹಡಗಿಗೆ ಮಾಲು ಒಪ್ಪಿಸಿದ ದಾಖಲೆ) ಶುಲ್ಕ ಎಲ್ಲವನ್ನೂ ಬಿಡಿಬಿಡಿಯಾಗಿ ನಮೂದಿಸಿದ ಕೊಟೇಶನ್ ಇಲ್ಲದೆ ನಾವು ಬುಕಿಂಗ್ ಖಚಿತಪಡಿಸುವುದಿಲ್ಲ.

2023ರ ಕೊನೆಗೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿಯಿಂದ ಕೆಂಪು ಸಮುದ್ರದ ದಾರಿ ಅಪಾಯಕಾರಿಯಾಗಿ, ದೊಡ್ಡ ಲೈನ್‌ಗಳು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗಲಾರಂಭಿಸಿದವು. ಯುರೋಪಿನ ಪ್ರಯಾಣಕ್ಕೆ ಸುಮಾರು 10ರಿಂದ 14 ದಿನ ಹೆಚ್ಚಾಯಿತು. ಅಷ್ಟೇ ಮಾಲಿಗೆ ಹೆಚ್ಚು ಹಡಗುಗಳು ಬೇಕಾದ್ದರಿಂದ, ಹಡಗುಗಳ ಸಂಖ್ಯೆ ಬೆಳೆಯುತ್ತಿದ್ದರೂ ದರ ಮತ್ತೆ ಚಿಗುರಿತು. ಈ ಸಲ ಸರ್‌ಚಾರ್ಜ್ ಯಾವುದು, ಯಾವ ದಿನಾಂಕದಿಂದ ಎಂಬುದನ್ನು ಇವರು ಲೈನ್‌ನ ಸುತ್ತೋಲೆಯ ಸಮೇತ ಕಳುಹಿಸಿದರು. ಹಿಂದಿನ ಜಗಳದ ಫಲ ಇರಬೇಕು.

ವಿಮಾನದ ಸೇವೆ ಇಷ್ಟು ಸಮಾಧಾನಕರವಲ್ಲ. ಏರ್ ಕಾರ್ಗೋದಲ್ಲಿ ದೊಡ್ಡ ಪಾಲು ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿ ಹೋಗುತ್ತದೆ. 2020ರಲ್ಲಿ ಆ ವಿಮಾನಗಳು ನಿಂತಾಗ ದರ ಏಕೆ ಆಕಾಶಕ್ಕೇರಿತು ಎಂಬುದು ಅರ್ಥವಾಗುವ ಮಾತು. ಆದರೆ ಪ್ರೇಮಿಗಳ ದಿನಕ್ಕೆ ಮುನ್ನ ಜನವರಿ ಕೊನೆಯಿಂದ ಬೆಂಗಳೂರಿನ ಗುಲಾಬಿ ದೇವನಹಳ್ಳಿಯಿಂದ ಟನ್ನುಗಟ್ಟಲೆ ಹೊರಡುವುದು ಪ್ರತಿ ವರ್ಷದ ಸಂಗತಿ. ಜಾಗ ಬಿಗಿಯಾಗುತ್ತದೆ ಎಂದು ಡಿಸೆಂಬರ್‌ನಲ್ಲೇ ಎಚ್ಚರಿಸದೆ, ಫೆಬ್ರವರಿಯಲ್ಲಿ ಸ್ಪಾಟ್ ರೇಟ್ (ಆ ಹೊತ್ತಿನ ಮಾರುಕಟ್ಟೆ ದರ) ಮುಂದಿಡುವುದು ಸರಿಯಲ್ಲ.

ಇವರ ಆಪರೇಷನ್ಸ್ ವಿಭಾಗದ ಒಬ್ಬ ಹುಡುಗ ಕಲಿಸಿದ ಲೆಕ್ಕವನ್ನು ಮಾತ್ರ ಇಲ್ಲಿ ಹೇಳಲೇಬೇಕು. ಏರ್‌ಲೈನ್ ಪೆಟ್ಟಿಗೆ ಹಿಡಿಯುವ ಜಾಗವನ್ನೂ ತೂಕವಾಗಿ ಲೆಕ್ಕ ಹಾಕಿ, ಅದು ಮತ್ತು ನಿಜ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ ಮಾಡುತ್ತದೆ. ನಮ್ಮ ಪೆಟ್ಟಿಗೆಯ ಉದ್ದ 120, ಅಗಲ 80, ಎತ್ತರ 100 ಸೆಂಟಿಮೀಟರ್. ಮೂರನ್ನೂ ಗುಣಿಸಿ 6,000ದಿಂದ ಭಾಗಿಸಿದರೆ 160 ಕೆಜಿ. ತಕ್ಕಡಿಯಲ್ಲಿ ಅದು 110 ಕೆಜಿ ತೂಗಿದರೂ ಏರ್‌ಲೈನ್ ಬಿಲ್ ಮಾಡುವುದು 160ಕ್ಕೆ. ಒಳಗಿನ ಫೋಮ್ ಕಡಿಮೆ ಮಾಡಿ ಎತ್ತರವನ್ನು 75ಕ್ಕೆ ಇಳಿಸಿ ಎಂದ ಆತ. ಬಿಲ್ಲಿನ ತೂಕ 120ಕ್ಕೆ ಬಂತು. ಮೇಲಿನವರು ಯಾರೂ ಕೊಡದ ಸಲಹೆ ಇದು.

ಐದರಲ್ಲಿ ಹಡಗಿನ ಸೇವೆಗೆ ನಾಲ್ಕು, ವಿಮಾನದ ಸೇವೆಗೆ ಎರಡೂವರೆ ಅಂಕ ಕೊಡುತ್ತೇನೆ. ಸಮುದ್ರದ ಮಾಲಿನ ಅರ್ಧದಷ್ಟನ್ನು ಮೊದಲೇ ಒಪ್ಪಿಕೊಂಡ ಕಾಂಟ್ರ್ಯಾಕ್ಟ್ ದರಕ್ಕೂ ಉಳಿದದ್ದನ್ನು ಸ್ಪಾಟ್ ದರಕ್ಕೂ ಇವರ ಬಳಿಯೇ ಮುಂದುವರಿಸುತ್ತಿದ್ದೇವೆ. ಜನವರಿಯಿಂದ ಫೆಬ್ರವರಿ ಮಧ್ಯದವರೆಗಿನ ಏರ್ ಶಿಪ್‌ಮೆಂಟ್‌ಗಳಿಗೆ ಇನ್ನೊಬ್ಬರಿಂದಲೂ ಕೊಟೇಶನ್ ತರಿಸುತ್ತೇವೆ, ಮತ್ತು ಅದನ್ನು ಇವರಿಗೆ ತಿಳಿಸಿಯೇ ತರಿಸುತ್ತೇವೆ.